ಮತಾಂತರ ಬೇಡದ ಮಾರ್ಗದರ್ಶನ: ಯಹೂದಿ ಪರಂಪರೆ ಮತ್ತು ಲೋಕದ ಜನಾಂಗಗಳು



ಧರ್ಮಗಳ ತೌಲನಿಕ ಅಧ್ಯಯನಕ್ಕೆ ಮೀಸಲಾದ ಈ ದತ್ತಿ ಉಪನ್ಯಾಸಕ್ಕೆ, ಯಹೂದಿ ಜನ ಇತರ ಜನಾಂಗಗಳಿಗೆ ಆಧ್ಯಾತ್ಮಿಕವಾಗಿ ದಾರಿ ತೋರಿದ ಬಗೆಯನ್ನು ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ. ಇಂದು ಲೋಕದಲ್ಲಿರುವ ಯಹೂದಿಗಳ ಸಂಖ್ಯೆ ಸುಮಾರು ಒಂದೂವರೆ ಕೋಟಿ. ನಮ್ಮ ಬೆಂಗಳೂರು ಮಹಾನಗರದ ಜನಸಂಖ್ಯೆಯ ಆಸುಪಾಸು ಎನ್ನಿ. ಆದರೆ ಅಬ್ರಹಾಮನನ್ನು ತಮ್ಮ ನಂಬಿಕೆಯ ಪಿತಾಮಹನೆಂದು ನೆನೆಯುವ ಕ್ರೈಸ್ತರು, ಮುಸ್ಲಿಮರು ಸೇರಿದರೆ ಮನುಕುಲದ ಅರ್ಧಕ್ಕಿಂತ ಹೆಚ್ಚಾಗುತ್ತದೆ. ಇಷ್ಟು ಚಿಕ್ಕ ಜನಸಮುದಾಯ ಇಷ್ಟು ದೂರ ಪ್ರಭಾವ ಬೀರಿದ್ದು ಹೇಗೆ ಎಂಬ ಕುತೂಹಲ ಸಹಜವಾದದ್ದೇ. ನನ್ನ ಆಸಕ್ತಿ ಮಾತ್ರ ಬೇರೊಂದು ಪ್ರಶ್ನೆಯಲ್ಲಿದೆ. ತಾನು ಲೋಕಕ್ಕೆ ಬೆಳಕಾಗಬೇಕೆಂದು ನಂಬಿದ ಒಂದು ಜನ, ಲೋಕದವರೆಲ್ಲ ತನ್ನ ಮತಕ್ಕೆ ಸೇರಲಿ ಎಂದು ಏಕೆ ಬಯಸಲಿಲ್ಲ?

ಮಾತನ್ನು ಮೂರು ಭಾಗ ಮಾಡಿಕೊಂಡಿದ್ದೇನೆ. ಮೊದಲು ಹೀಬ್ರೂ ಬೈಬಲಿನ ಪ್ರವಾದಿಗಳನ್ನು ನೋಡೋಣ. ಬಳಿಕ ಯೆರೂಸಲೇಮಿನ ಎರಡನೆಯ ದೇವಾಲಯ ನಾಶವಾದ ಕಾಲದ ರಬ್ಬಿಗಳು, ಅಂದರೆ ಯಹೂದಿ ಧರ್ಮಪಂಡಿತರು, ಕಟ್ಟಿದ ವಿಚಾರ. ಕೊನೆಯಲ್ಲಿ ಆಧುನಿಕ ಯುಗದ ಮೂವರು ವ್ಯಕ್ತಿಗಳು. ಕಬ್ಬಾಲಾದ ರಹಸ್ಯ ಸಾಧನೆ ದೊಡ್ಡ ವಿಷಯ, ಅದಕ್ಕೆ ಇನ್ನೊಂದು ದಿನವೇ ಬೇಕು. ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಮೊದಲ ಭಾಗವನ್ನು ಆಮೋಸನಿಂದ ಆರಂಭಿಸುತ್ತೇನೆ. ಕ್ರಿ.ಪೂ. 8ನೇ ಶತಮಾನ. ಆಮೋಸ ದಕ್ಷಿಣದ ಯೆಹೂದ ರಾಜ್ಯದ ತೆಕೋವ ಊರಿನವನು. ಕುರಿ ಸಾಕಿಕೊಂಡು, ಅತ್ತಿಮರಗಳ ಆರೈಕೆ ಮಾಡಿಕೊಂಡು ಇದ್ದವನು. ಪ್ರವಾದಿಗಳ ಮನೆತನದವನಲ್ಲ. ಅಂಥವನು ಉತ್ತರದ ಇಸ್ರೇಲ್ ರಾಜ್ಯದ ಬೇತೇಲಿಗೆ, ಅರಸನ ಆಶ್ರಯದಲ್ಲಿದ್ದ ಪುಣ್ಯಕ್ಷೇತ್ರಕ್ಕೆ ಹೋಗಿ ಮಾತಾಡಿದ. ಅವನ ಪುಸ್ತಕ ಆರಂಭವಾಗುವುದು ಸುತ್ತಲಿನ ರಾಜ್ಯಗಳ ಅಪರಾಧಗಳ ಪಟ್ಟಿಯಿಂದ. ದಮಸ್ಕದವರು ಸೋತ ನಾಡಿನ ಜನರನ್ನು ಕಬ್ಬಿಣದ ಹಲ್ಲಿನ ಹಂತಿಕುಂಟೆಯಿಂದ ಒಕ್ಕಿದಂತೆ ಹಿಂಸಿಸಿದರು. ಗಾಜಾದವರೂ ತೂರಿನವರೂ ಊರಿಗೆ ಊರನ್ನೇ ಸೆರೆಹಿಡಿದು ಗುಲಾಮರಾಗಿ ಮಾರಿದರು. ಅಮ್ಮೋನಿನವರು ಗಡಿ ವಿಸ್ತರಿಸುವ ಆಸೆಗೆ ಬಸುರಿಯರ ಹೊಟ್ಟೆ ಸೀಳಿದರು. ವೈರಿಗಳನ್ನು ಹೀಗೆ ಬೈಯುತ್ತಿದ್ದರೆ ಕೇಳುವವರಿಗೆ ಹಿತವಾಗಿಯೇ ಇದ್ದಿರಬೇಕು.

ಈ ಪಟ್ಟಿಯಲ್ಲಿ ಮೋವಾಬಿನ ಅಪರಾಧವನ್ನು ನಾವು ತುಸು ನಿಂತು ನೋಡಬೇಕು. ಮೋವಾಬಿನವರು ಎದೋಮಿನ ಅರಸನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದರು ಎಂಬುದು ಅವರ ಮೇಲಿನ ಆರೋಪ. ಇದರಲ್ಲಿ ಇಸ್ರೇಲಿಗೆ ಆದ ನಷ್ಟವೇನೂ ಇಲ್ಲ. ಒಬ್ಬ ಪರಕೀಯ ಇನ್ನೊಬ್ಬ ಪರಕೀಯನ ಹೆಣಕ್ಕೆ ಮಾಡಿದ ಅವಮಾನ ಅದು. ಎದೋಮ್ ಅಂತೂ ಇಸ್ರೇಲಿನ ಹಳೆಯ ವೈರಿ. ಆದರೂ ದೇವರು ಅದರ ಲೆಕ್ಕ ಕೇಳುತ್ತಾನೆ ಎನ್ನುತ್ತಾನೆ ಆಮೋಸ. ನನ್ನ ದೃಷ್ಟಿಯಲ್ಲಿ ಧರ್ಮಚಿಂತನೆಯ ಚರಿತ್ರೆಯಲ್ಲಿ ಇದೊಂದು ದೊಡ್ಡ ಹೆಜ್ಜೆ. ಕುಲದೇವರು ಕುಲದ ನೋವನ್ನಷ್ಟೇ ಕೇಳುತ್ತಾನೆ ಎಂಬ ಎಣಿಕೆಯನ್ನು ಆ ಕುರಿಗಾಹಿ ಅಲ್ಲಿಗೇ ಮುರಿದ.

ಪಟ್ಟಿ ಅಲ್ಲಿಗೆ ಮುಗಿಯಲಿಲ್ಲ. ಯೆಹೂದದ ಹೆಸರು ಬಂತು. ಕೊನೆಗೆ ಇಸ್ರೇಲಿನದೇ ಸರದಿ. ಬಡವನನ್ನು ಒಂದು ಜೊತೆ ಚಪ್ಪಲಿಯ ಬೆಲೆಗೆ ಮಾರಿಬಿಡುವ ನಿಮ್ಮ ಮೇಲೂ ತೀರ್ಪು ಇದೆ ಎಂದ. ಬೇತೇಲಿನ ಅರ್ಚಕ ಅಮಚ್ಯ ಅರಸನಿಗೆ ದೂರು ಕಳಿಸಿ, ನಿನ್ನ ಊರಿಗೆ ಹೋಗಿ ಅಲ್ಲಿ ಪ್ರವಾದನೆ ಮಾಡಿಕೋ ಎಂದು ಆಮೋಸನನ್ನು ಗದರಿಸಿದ. ದೇವರಿಂದ ಆರಿಸಲ್ಪಟ್ಟ ಜನ ಎಂದರೆ ವಿನಾಯಿತಿ ಪಡೆದ ಜನ ಎಂದು ನಂಬಿದ್ದವರಿಗೆ ಇದು ಸಹಿಸಲಾಗದ ಮಾತಾಗಿತ್ತು. ಕೂಷಿನವರು, ಅಂದರೆ ಆಫ್ರಿಕದ ಕಪ್ಪು ಜನ, ದೇವರಿಗೆ ಇಸ್ರೇಲಿನವರಷ್ಟೇ ಸಮಾನರು; ಫಿಲಿಷ್ಟಿಯರಿಗೂ ಅರಾಮ್ಯರಿಗೂ ಅವರವರ ಬಿಡುಗಡೆಯ ಯಾತ್ರೆಯನ್ನು ದೇವರೇ ನಡೆಸಿಕೊಟ್ಟಿದ್ದಾನೆ ಎಂಬ ಮಟ್ಟಕ್ಕೂ ಆಮೋಸನ ವಿಚಾರ ಹೋಗುತ್ತದೆ.

ಜನಾಂಗಗಳಿಗೆ ಬೆಳಕು ಎಂಬ ಪ್ರಸಿದ್ಧ ಕಲ್ಪನೆ ಬರುವುದು ಯೆಶಾಯನ ಪುಸ್ತಕದ ಎರಡನೆಯ ಭಾಗದಲ್ಲಿ. ಆ ಭಾಗ ರಚನೆಯಾದದ್ದು ಬಾಬಿಲೋನಿನ ಸೆರೆವಾಸದ ಕಾಲದಲ್ಲಿ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಕ್ರಿ.ಪೂ. 586ರಲ್ಲಿ ಯೆರೂಸಲೇಮಿನ ದೇವಾಲಯ ಸುಟ್ಟುಹೋಯಿತು, ಜನರ ಮುಂದಾಳುಗಳು ಬಾಬಿಲೋನಿಗೆ ಸೆರೆಯಾಳುಗಳಾಗಿ ಹೋದರು. ನಾಡು, ಅರಸ, ಗುಡಿ ಮೂರನ್ನೂ ಕಳೆದುಕೊಂಡ ಆ ಸ್ಥಿತಿಯಲ್ಲಿ, ನಿಮ್ಮ ಕೆಲಸ ನಿಮ್ಮ ಉಳಿವಿನಷ್ಟಕ್ಕೇ ಮುಗಿಯುವುದಿಲ್ಲ, ಭೂಮಿಯ ಅಂಚಿನವರೆಗೂ ಇದೆ ಎಂಬ ಮಾತು ಬಂತು. ಸಾಮ್ರಾಜ್ಯಗಳೂ ಲೋಕೋದ್ಧಾರದ ಮಾತಾಡಿವೆ, ಆದರೆ ಗೆದ್ದ ಮೇಲೆ. ಇಲ್ಲಿ ಸೋತವರು ಆ ಮಾತಾಡಿದರು. ಅದೇ ಪುಸ್ತಕ ಪಾರಸಿಕ ದೊರೆ ಸೈರಸನನ್ನೂ ದೇವರ ಅಭಿಷಿಕ್ತ ಎಂದು ಕರೆಯುತ್ತದೆ. ಕ್ರಿ.ಪೂ. 539ರಲ್ಲಿ ಬಾಬಿಲೋನನ್ನು ಗೆದ್ದ ಸೈರಸ್ ಯಹೂದಿಯಲ್ಲ.

ಪ್ರವಾದಿಗಳ ಭಾಗವನ್ನು ಮುಗಿಸುವ ಮುನ್ನ ಯೋನನ ಕತೆ. ಮೀನಿನ ಹೊಟ್ಟೆಯೊಳಗಿದ್ದವನು ಎಂದು ಮಕ್ಕಳಿಗೂ ಗೊತ್ತು. ಕತೆಯ ತಿರುಳು ಮೀನಿನಲ್ಲಿಲ್ಲ. ನಿನೆವೆಗೆ ಹೋಗಿ ಎಚ್ಚರಿಸು ಎಂದು ದೇವರು ಹೇಳಿದರೆ ಯೋನ ತಾರ್ಷೀಷಿನ ಹಡಗು ಹತ್ತಿ ಎದುರು ದಿಕ್ಕಿಗೆ ಓಡುತ್ತಾನೆ. ನಿನೆವೆ ಅಸ್ಸೀರಿಯಾದ ಪಟ್ಟಣ, ಕ್ರಿ.ಪೂ. 722ರ ಸುಮಾರಿಗೆ ಉತ್ತರದ ಇಸ್ರೇಲ್ ರಾಜ್ಯವನ್ನು ನಿರ್ನಾಮ ಮಾಡಿದ್ದು ಅದೇ ಅಸ್ಸೀರಿಯಾ. ಅಂಥ ಊರು ಉಳಿಯುವುದು ಯೋನನಿಗೆ ಬೇಡ. ಕೊನೆಗೂ ಅವನು ಹೋಗಿ ಸಾರಿದಾಗ ನಿನೆವೆಯ ಅರಸ ಸಿಂಹಾಸನದಿಂದ ಇಳಿದು ಬೂದಿಯಲ್ಲಿ ಕೂರುತ್ತಾನೆ, ಜನ ಹಿಂಸೆಯನ್ನು ಬಿಡುತ್ತಾರೆ, ಊರು ಉಳಿಯುತ್ತದೆ. ಗಮನಿಸಿ, ಅವರಲ್ಲಿ ಯಾರೂ ಯಹೂದಿಗಳಾಗುವುದಿಲ್ಲ. ಸುನ್ನತಿ ಇಲ್ಲ, ಯೆರೂಸಲೇಮಿಗೆ ಯಾತ್ರೆ ಇಲ್ಲ, ವಾರದ ಏಳನೆಯ ದಿನದ ವಿಶ್ರಾಂತಿಯಾದ ಸಬ್ಬತ್ತಿನ ಪಾಲನೆಯೂ ಇಲ್ಲ. ಕೈಯಲ್ಲಿದ್ದ ಅನ್ಯಾಯವನ್ನು ಬಿಟ್ಟರು, ಅಷ್ಟೇ ಸಾಕಾಯಿತು. ಸಿಟ್ಟಾದ ಯೋನನಿಗೆ, ಎಡಬಲ ತಿಳಿಯದ ಒಂದು ಲಕ್ಷದ ಇಪ್ಪತ್ತು ಸಾವಿರ ಜನರೂ ಅವರ ದನಕರುಗಳೂ ಇರುವ ಊರಿನ ಮೇಲೆ ನಾನು ಕನಿಕರಪಡಬಾರದೇ ಎಂದು ದೇವರು ಕೇಳುತ್ತಾನೆ. ಉತ್ತರವಿಲ್ಲದೆ ಪುಸ್ತಕ ಮುಗಿಯುತ್ತದೆ.

ವರ್ಷದ ಅತ್ಯಂತ ಪವಿತ್ರ ದಿನವಾದ ಯೋಮ್ ಕಿಪ್ಪೂರಿನ ಉಪವಾಸದಂದು, ಮಧ್ಯಾಹ್ನದ ಪ್ರಾರ್ಥನೆಯ ಹೊತ್ತಿಗೆ, ಯಹೂದಿಗಳು ಸಿನಗಾಗು ಎಂಬ ತಮ್ಮ ಪ್ರಾರ್ಥನಾ ಮಂದಿರಗಳಲ್ಲಿ ಓದುವುದು ಈ ಪುಸ್ತಕವನ್ನೇ. ಬರಗಾಲದ ಉಪವಾಸದ ದಿನ ಊರ ಹಿರಿಯ ಎದ್ದುನಿಂತು ನಿನೆವೆಯವರ ಉದಾಹರಣೆ ಕೊಡಬೇಕು ಎನ್ನುತ್ತದೆ ರಬ್ಬಿಗಳ ಹಳೆಯ ಕಟ್ಟಳೆಗಳ ಸಂಗ್ರಹವಾದ ಮಿಶ್ನಾ: ದೇವರು ನೋಡಿದ್ದು ಅವರ ಗೋಣಿತಟ್ಟನ್ನಲ್ಲ, ಉಪವಾಸವನ್ನಲ್ಲ, ನಡತೆಯನ್ನು. ಪಾಠ ಹೇಳಿಸಿಕೊಂಡ ಶತ್ರುವೇ ಈಗ ಪಾಠ ಹೇಳುವ ಗುರು.

ಈಗ ಎರಡನೆಯ ಭಾಗಕ್ಕೆ ಬರುತ್ತೇನೆ. ರಬ್ಬಿಗಳ ವಿಚಾರಕ್ಕೆ ಮುನ್ನ ಅದರ ಹಿನ್ನೆಲೆಯನ್ನು ನೋಡೋಣ. ಕ್ರಿ.ಪೂ. 3ನೇ ಶತಮಾನದಲ್ಲಿ ಈಜಿಪ್ತಿನ ಅಲೆಕ್ಸಾಂಡ್ರಿಯದಲ್ಲಿ ಮೋಶೆಯ ಐದು ಪುಸ್ತಕಗಳು ಗ್ರೀಕ್ ಭಾಷೆಗೆ ಬಂದವು. ಅದರ ನೆನಪಿಗೆ ಫಾರೋಸ್ ದ್ವೀಪದಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಹಬ್ಬಕ್ಕೆ ಯಹೂದಿಗಳಲ್ಲದೆ ಇತರರೂ ಸೇರುತ್ತಿದ್ದರೆಂದು ದಾರ್ಶನಿಕ ಫೈಲೋ ಬರೆದಿದ್ದಾನೆ. ರೋಮ್ ಸಾಮ್ರಾಜ್ಯದ ಊರುಗಳಲ್ಲಿ ಸಿನಗಾಗಿಗೆ ಬರುತ್ತಿದ್ದ, ಆದರೆ ಯಹೂದಿಗಳಾಗದ ಒಂದು ವರ್ಗವೇ ಇತ್ತು. ಅವರನ್ನು ದೇವಭೀರುಗಳು ಎನ್ನುತ್ತಿದ್ದರು. ಇಂದಿನ ತುರ್ಕಿಯಲ್ಲಿರುವ ಅಫ್ರೊಡಿಸಿಯಸ್ ಎಂಬ ಹಾಳೂರಿನಲ್ಲಿ 1976ರಲ್ಲಿ ಒಂದು ಕಲ್ಲು ಸಿಕ್ಕಿತು. ಅದರ ಎರಡು ಮುಖಗಳಲ್ಲಿ ಗ್ರೀಕ್ ಲಿಪಿಯಲ್ಲಿ ದಾನಿಗಳ ಹೆಸರುಗಳಿವೆ. ಯಹೂದಿಗಳ ಹೆಸರಿನ ಜೊತೆಗೆ ಐವತ್ತಕ್ಕೂ ಹೆಚ್ಚು ದೇವಭೀರುಗಳ ಹೆಸರುಗಳು. ಅವರಲ್ಲಿ ನಗರಸಭೆಯ ಸದಸ್ಯರಿದ್ದಾರೆ, ಕೈಕಸುಬಿನವರಿದ್ದಾರೆ. ನಮ್ಮ ದಾನಶಾಸನಗಳನ್ನು ಓದಿ ಬಲ್ಲವರಿಗೆ ಆ ಕಲ್ಲಿನ ಮಹತ್ವ ತಟ್ಟನೆ ತಿಳಿಯುತ್ತದೆ. ಮತದ ಗಡಿ ದಾಟದೆಯೇ ಒಂದು ಧರ್ಮದ ಬೆಳಕಿನಲ್ಲಿ ಬಾಳಿದವರ ಲಿಖಿತ ಸಾಕ್ಷ್ಯ ಅದು.

ಏಳನೆಯ ದಿನದ ವಿಶ್ರಾಂತಿಯೂ ಹೀಗೆಯೇ ಹರಡಿತು. ರೋಮಿನ ದಾರ್ಶನಿಕ ಸೆನೆಕನಿಗೆ ಇದು ಹಿಡಿಸಲಿಲ್ಲ. ಬದುಕಿನ ಏಳರಲ್ಲೊಂದು ಪಾಲು ಸೋಮಾರಿತನಕ್ಕೆ ಹೋಗುತ್ತದೆ, ಸೋತ ಜನ ಗೆದ್ದವರಿಗೆ ಕಟ್ಟಳೆ ಹಾಕಿಕೊಟ್ಟಂತಾಯಿತು ಎಂದು ಅವನು ಅಸಮಾಧಾನಪಟ್ಟ. ಸಬ್ಬತ್ತಿನ ನಿಯಮ ಮನೆಯ ಯಜಮಾನನಿಗೆ ಮಾತ್ರವಲ್ಲ, ಆಳಿಗೆ, ದಾಸಿಗೆ, ಎತ್ತಿಗೆ, ಕತ್ತೆಗೆ, ಮನೆಯಲ್ಲಿರುವ ಪರದೇಶಿಗೂ ಅನ್ವಯಿಸುತ್ತದೆ ಎಂಬುದನ್ನು ಸೆನೆಕ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದುಡಿಯುವವನಿಗೆ ವಾರಕ್ಕೊಂದು ರಜೆ ಹಕ್ಕಾಗಿ ಸಿಗಬೇಕೆಂಬ ಇಂದಿನ ತಿಳಿವಳಿಕೆಯ ಬೇರು ಅಲ್ಲಿದೆ.

ಮತಾಂತರ ಕೇಳದ ಈ ರೀತಿಗೆ ವಿರುದ್ಧವಾದ ಪ್ರಸಂಗವೂ ಚರಿತ್ರೆಯಲ್ಲಿದೆ, ಹೇಳದಿದ್ದರೆ ತಪ್ಪಾಗುತ್ತದೆ. ಕ್ರಿ.ಪೂ. 2ನೇ ಶತಮಾನದ ಕೊನೆಯ ಭಾಗದಲ್ಲಿ ಯಹೂದಿಗಳನ್ನು ಆಳುತ್ತಿದ್ದ ಜಾನ್ ಹಿರ್ಕಾನಸ್ ಎದೋಮ್ಯರನ್ನು ಗೆದ್ದು, ಸುನ್ನತಿ ಮಾಡಿಸಿಕೊಳ್ಳಿ ಇಲ್ಲವೇ ನಾಡು ಬಿಡಿ ಎಂದ. ರಾಜ್ಯಾಧಿಕಾರ ಕೈಗೆ ಬಂದಾಗ ಈ ಪರಂಪರೆಯೂ ಬಲಾತ್ಕಾರದ ದಾರಿ ಹಿಡಿದದ್ದುಂಟು.

ಸೆರೆವಾಸದ ಬಳಿಕ ಯೆರೂಸಲೇಮಿನಲ್ಲಿ ಮತ್ತೆ ಕಟ್ಟಿದ್ದ ಎರಡನೆಯ ದೇವಾಲಯವನ್ನು ಕ್ರಿ.ಶ. 70ರಲ್ಲಿ ರೋಮನ್ನರು ನಾಶ ಮಾಡಿದರು. ಆ ದೇವಾಲಯದಲ್ಲಿ ಪರ್ಣಶಾಲೆಗಳ ಹಬ್ಬದ ಏಳು ದಿನವೂ ಹೋರಿಗಳ ಬಲಿ ನಡೆಯುತ್ತಿತ್ತು: ಮೊದಲ ದಿನ ಹದಿಮೂರು, ಆಮೇಲೆ ದಿನಕ್ಕೊಂದು ಕಡಿಮೆ, ಕೊನೆಯ ದಿನ ಏಳು. ಕೂಡಿದರೆ ಎಪ್ಪತ್ತು. ಲೋಕದ ಜನಾಂಗಗಳು ಎಪ್ಪತ್ತು ಎಂಬುದು ಹಳೆಯ ಎಣಿಕೆ. ಆ ಎಪ್ಪತ್ತು ಬಲಿಗಳು ಆ ಜನಾಂಗಗಳ ಕ್ಷೇಮಕ್ಕಾಗಿ ಎಂದು ರಬ್ಬಿಗಳು ವಿವರಿಸಿದರು. ಗುಡಿ ಕೆಡವಿದವರಿಗೆ ತಾವು ಕಳೆದುಕೊಂಡದ್ದೇನೆಂದೂ ಗೊತ್ತಿಲ್ಲ ಎಂದು ರಬ್ಬಿ ಯೋಹಾನಾನ್ ಮರುಗಿದ್ದನ್ನು ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ದಾಖಲಿಸಿದೆ.

ಬಲಿಪೀಠ ಹೋದ ಮೇಲೆ ಉಳಿದದ್ದು ಕಲಿಕೆ. ತೋರಾದ, ಅಂದರೆ ಮೋಶೆಯ ಐದು ಪುಸ್ತಕಗಳ, 613 ಆಜ್ಞೆಗಳು ಯಹೂದಿಗಳಿಗೆ ಮಾತ್ರ. ಹಾಗಾದರೆ ಉಳಿದವರು? ಎಲ್ಲರೂ ಜಲಪ್ರಳಯದಲ್ಲಿ ಉಳಿದ ನೋಹನ ಮಕ್ಕಳು, ಅವರಿಗೆ ಏಳು ಕಟ್ಟಳೆಗಳು ಸಾಕು ಎಂದು ರಬ್ಬಿಗಳು ನಿರ್ಣಯಿಸಿದರು. ಕೊಲೆ, ಕಳವು, ವ್ಯಭಿಚಾರ, ದೇವದೂಷಣೆ, ವಿಗ್ರಹಾರಾಧನೆ ಇವುಗಳಿಂದ ದೂರವಿರುವುದು, ಜೀವಂತ ಪ್ರಾಣಿಯ ಅಂಗವನ್ನು ಕಿತ್ತು ತಿನ್ನದಿರುವುದು, ನ್ಯಾಯಾಲಯಗಳನ್ನು ಸ್ಥಾಪಿಸುವುದು. ಆರು ನಿಷೇಧಗಳ ಜೊತೆಗೆ ಮಾಡಲೇಬೇಕಾದ ಕೆಲಸವೆಂದು ಇರುವುದು ಕೊನೆಯದೊಂದೇ. ನ್ಯಾಯ ಸಿಗುವ ಏರ್ಪಾಡು ಸಮಾಜದಲ್ಲಿ ಇರಬೇಕು ಎಂಬುದನ್ನು ಆಧ್ಯಾತ್ಮಿಕ ಕರ್ತವ್ಯದ ಸ್ಥಾನಕ್ಕೆ ಏರಿಸಿದ್ದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಯಹೂದಿಗಳಲ್ಲದ ಅನ್ಯರ ಸ್ಥಾನದ ಬಗ್ಗೆ ರಬ್ಬಿಗಳಲ್ಲಿ ಒಮ್ಮತವಿರಲಿಲ್ಲ. ಅನ್ಯರಿಗೆ ಪರಲೋಕದಲ್ಲಿ ಪಾಲಿಲ್ಲ ಎಂದ ರಬ್ಬಿ ಎಲಿಯೆಜರ್. ಅನ್ಯರಲ್ಲಿಯೂ ನೀತಿವಂತರಿದ್ದಾರೆ, ಅವರಿಗೆ ಪಾಲು ಇದೆ ಎಂದ ರಬ್ಬಿ ಯೆಹೋಶುವ. ಯಹೂದಿ ಪರಂಪರೆ ಒಪ್ಪಿಕೊಂಡದ್ದು ಯೆಹೋಶುವನ ಮಾತನ್ನು. ಕುತೂಹಲದ ಸಂಗತಿಯೆಂದರೆ, ತಂದೆತಾಯಿಗೆ ಎಷ್ಟರಮಟ್ಟಿಗೆ ಗೌರವ ಕೊಡಬೇಕು ಎಂದು ಶಿಷ್ಯರು ಕೇಳಿದಾಗ ಅದೇ ಎಲಿಯೆಜರ್ ಬೆರಳು ತೋರಿದ್ದು ಅಷ್ಕೆಲೋನಿನ ದಾಮ ಬೆನ್ ನೆತಿನ ಎಂಬ ಅನ್ಯನ ಕಡೆಗೆ. ಮಹಾಯಾಜಕನ ಉಡುಪಿಗೆ ಬೇಕಾದ ರತ್ನ ದಾಮನ ಬಳಿ ಇತ್ತು. ಕೊಳ್ಳಲು ಪಂಡಿತರು ಬಂದರು, ಲಾಭ ಲಕ್ಷಗಟ್ಟಲೆ ದಿನಾರ್. ಪೆಟ್ಟಿಗೆಯ ಬೀಗದ ಕೈ ಮಲಗಿದ್ದ ತಂದೆಯ ದಿಂಬಿನಡಿ ಇತ್ತು. ದಾಮ ತಂದೆಯನ್ನು ಎಬ್ಬಿಸಲಿಲ್ಲ, ವ್ಯಾಪಾರ ಕೈಬಿಟ್ಟ. ಹತ್ತು ಆಜ್ಞೆಗಳಲ್ಲೊಂದಕ್ಕೆ ಮಾದರಿ ಬೇಕಾದಾಗ ತಾಲ್ಮುದ್ ಗಡಿಯಾಚೆಗೆ ನೋಡಿತು. ಕಲಿಸುವವರು ಕಲಿಯಲೂ ಸಿದ್ಧರಿದ್ದರು ಎಂಬುದಕ್ಕೆ ನಾನು ಸದಾ ಕೊಡುವ ಉದಾಹರಣೆ ಇದು.

ವಿಗ್ರಹಾರಾಧನೆಯ ನಿಷೇಧ ಕೇಳಿದಾಗ ಈ ಸಭೆಯಲ್ಲಿ ಹಲವರ ಮನಸ್ಸಿನಲ್ಲಿ ಪ್ರಶ್ನೆ ಎದ್ದಿರುತ್ತದೆ. ಅದನ್ನು ಬದಿಗೆ ಸರಿಸಬಾರದು. 2007ರಲ್ಲಿ ದೆಹಲಿಯಲ್ಲಿ, 2008ರಲ್ಲಿ ಯೆರೂಸಲೇಮಿನಲ್ಲಿ ಇಸ್ರೇಲಿನ ಮುಖ್ಯ ರಬ್ಬಿಗಳ ಪೀಠ ಮತ್ತು ಹಿಂದೂ ಧರ್ಮಾಚಾರ್ಯ ಸಭಾದ ನಡುವೆ ಮಾತುಕತೆ ನಡೆಯಿತು. ಸ್ವಾಮಿ ದಯಾನಂದ ಸರಸ್ವತಿಯವರು ಹಿಂದೂಗಳ ಕಡೆಯಿಂದ ಮುಂದಾಳತ್ವ ವಹಿಸಿದ್ದರು. ಹಿಂದೂ ಭಕ್ತನು ಯಾವುದೇ ಮೂರ್ತಿಯ ಮುಂದೆ ಕೈಮುಗಿದರೂ ಅವನ ಮನಸ್ಸು ಇರುವುದು ಒಬ್ಬನೇ ಪರಮಾತ್ಮನಲ್ಲಿ ಎಂಬುದನ್ನು ಯೆರೂಸಲೇಮಿನ ಘೋಷಣೆ ದಾಖಲಿಸಿತು. ಎಲ್ಲ ರಬ್ಬಿಗಳೂ ಇದನ್ನು ಒಪ್ಪುತ್ತಾರೆ ಎನ್ನಲಾಗದು. ಆದರೆ ಹಿಂದೂಗಳನ್ನೇ ಕೇಳಿ, ಅವರ ಮಾತನ್ನೇ ಬರೆದುಕೊಂಡರು. ಅದು ಸಣ್ಣ ಸಂಗತಿಯಲ್ಲ.

ಭಾರತದ ಮಾತು ಬಂದದ್ದರಿಂದ ಕರ್ನಾಟಕದ ಒಂದು ನೆನಪು, ಅನ್ಯರ ನಡುವೆ ತನ್ನ ಧರ್ಮವನ್ನು ಪಾಲಿಸಿಕೊಂಡು ಬಾಳಿದ ಯಹೂದಿಯೊಬ್ಬನದು. 12ನೇ ಶತಮಾನದಲ್ಲಿ ಟ್ಯುನೀಶಿಯ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿಗೆ ಬಂದು ನೆಲೆಸಿದ. ಆಶು ಎಂಬಾಕೆಯನ್ನು 1132ರಲ್ಲಿ ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರವೂ ಅವನ ವ್ಯಾಪಾರದ ಕಾಗದಗಳೂ ಕೈರೋದ ಹಳೆಯ ಸಿನಗಾಗಿನ ಕಾಗದದ ರಾಶಿಯಲ್ಲಿ ಉಳಿದುಬಂದಿವೆ. ಅವುಗಳಲ್ಲಿ ಅಡಿಕೆ, ಮೆಣಸು, ಕಬ್ಬಿಣ, ಹಿತ್ತಾಳೆ ಪಾತ್ರೆಗಳ ಲೆಕ್ಕವಿದೆ. ಅವನ ಆಳು ಬೊಮ್ಮನನ್ನು ಏಡನ್ನಿನ ಸಾಹುಕಾರರು ಗೌರವದಿಂದ ವಿಚಾರಿಸಿಕೊಂಡ ಮಾತುಗಳೂ ಇವೆ. ತುಳುನಾಡಿನ ನಡುವೆ ಆ ಮನುಷ್ಯ ತನ್ನ ಶಾಸ್ತ್ರ ಓದಿಕೊಂಡು, ಹೀಬ್ರೂ ಪದ್ಯ ಬರೆದುಕೊಂಡು ಹದಿನೈದಕ್ಕೂ ಹೆಚ್ಚು ವರ್ಷ ಬಾಳಿದ.

ಮೂರನೆಯ ಭಾಗಕ್ಕೆ ಹೋಗೋಣ. ಬರ್ಲಿನ್ನಿನ ದಾರ್ಶನಿಕ ಮೋಸೆಸ್ ಮೆಂಡೆಲ್ಸೋನ್‌ಗೆ 1769ರಲ್ಲಿ ಜ್ಯೂರಿಕ್‌ನ ಪಾದ್ರಿ ಲವಾಟರ್ ಬಹಿರಂಗ ಸವಾಲು ಹಾಕಿದ: ಕ್ರೈಸ್ತಮತವನ್ನು ಖಂಡಿಸಿ, ಇಲ್ಲವೇ ಸ್ವೀಕರಿಸಿ. ಖಂಡಿಸಿದರೆ ಯಹೂದಿಗಳಿಗೆ ಅಪಾಯ, ಸ್ವೀಕರಿಸುವ ಮಾತೇ ಇಲ್ಲ. ಮೆಂಡೆಲ್ಸೋನ್ ಬೇರೆಯೇ ಉತ್ತರ ಕೊಟ್ಟ. ನನ್ನ ಧರ್ಮ ಅನ್ಯರನ್ನು ಮತಾಂತರಿಸು ಎನ್ನುವುದಿಲ್ಲ. ನನ್ನ ಕಾಲದಲ್ಲಿ ಒಬ್ಬ ಕನ್‌ಫ್ಯೂಷಿಯಸ್ ಇದ್ದಿದ್ದರೆ ಅವನನ್ನು ಮನಸಾರೆ ಪ್ರೀತಿಸುತ್ತಿದ್ದೆ, ನನ್ನ ಮತಕ್ಕೆ ಎಳೆಯುವ ಯೋಚನೆಯೇ ಬರುತ್ತಿರಲಿಲ್ಲ ಎಂಬುದು ಅದರ ಸಾರ.

ಎರಡನೆಯವನು ಇಟಲಿಯ ಲಿವೋರ್ನೊ ಊರಿನ ರಬ್ಬಿ ಎಲಿಯಾ ಬೆನಾಮೊಜೆಗ್. ಫ್ರಾನ್ಸಿನ ಲಿಯಾನ್ ನಗರದ ಎಮೆ ಪಲಿಯೇರ್ ಎಂಬ ಕ್ಯಾಥೋಲಿಕ್ ತರುಣ ಯೋಮ್ ಕಿಪ್ಪೂರಿನ ಸಂಜೆ ಸಿನಗಾಗಿನೊಳಗೆ ಹೋಗಿ, ಅಲ್ಲಿನ ಪ್ರಾರ್ಥನೆ ಕಂಡು ಬದಲಾಗಿಹೋಗಿದ್ದ. ಯಹೂದಿಯಾಗುತ್ತೇನೆ ಎಂದು ಬೆನಾಮೊಜೆಗ್‌ಗೆ ಬರೆದ. ಬೇರೆ ಮತದ ಗುರುವಾಗಿದ್ದರೆ ಇಂಥ ಶಿಷ್ಯನನ್ನು ಬಾಚಿ ತಬ್ಬಿಕೊಳ್ಳುತ್ತಿದ್ದರೇನೋ. ಬೆನಾಮೊಜೆಗ್, ನೀನು ಯಹೂದಿಯಾಗುವ ಅಗತ್ಯವಿಲ್ಲ, ನೋಹನ ಮಗನಾಗಿಯೇ ದೇವರ ಸೇವೆ ಮಾಡು, ಇಸ್ರೇಲ್ ಇರುವುದೇ ಈ ಸಾರ್ವತ್ರಿಕ ಧರ್ಮವನ್ನು ಕಾಯುವುದಕ್ಕೆ ಎಂದು ತಿಳಿಹೇಳಿದ. ಪಲಿಯೇರ್ ಬದುಕಿಡೀ ಹಾಗೆಯೇ ಬಾಳಿದ. ಗುರು 1900ರಲ್ಲಿ ತೀರಿಕೊಂಡ ಮೇಲೆ ಅವನ ದೊಡ್ಡ ಹಸ್ತಪ್ರತಿಯನ್ನು ಸಿದ್ಧಪಡಿಸುವುದರಲ್ಲಿ ಕೈಜೋಡಿಸಿದ. ಅದು 1914ರಲ್ಲಿ ಪ್ರಕಟವಾಯಿತು. ಮತಾಂತರವಾಗದ ಶಿಷ್ಯನೇ ಗುರುವಿನ ಮಾತನ್ನು ಲೋಕಕ್ಕೆ ತಲುಪಿಸಿದ.

ಮೂರನೆಯವರು ಅಬ್ರಹಾಂ ಜೋಶುವ ಹೆಶೆಲ್. 1907ರಲ್ಲಿ ವಾರ್ಸಾದಲ್ಲಿ ಹುಟ್ಟಿ, 1940ರಲ್ಲಿ ಅಮೆರಿಕ ಸೇರಿಕೊಂಡವರು. ಪೋಲೆಂಡಿನಲ್ಲಿ ಉಳಿದ ತಾಯಿಯನ್ನೂ ಸೋದರಿಯರನ್ನೂ ನಾಜಿಗಳ ಕಾಲದಲ್ಲಿ ಕಳೆದುಕೊಂಡವರು. ಪ್ರವಾದಿಗಳ ಮೇಲೆ ಡಾಕ್ಟರೇಟ್ ಮಾಡಿದ್ದ ಅವರು, ಅರುವತ್ತರ ದಶಕದಲ್ಲಿ ಅಧ್ಯಯನದ ಕೊಠಡಿಯಿಂದ ಹೊರಗೆ ಬಂದರು. 1963ರಲ್ಲಿ ಅಧ್ಯಕ್ಷ ಕೆನಡಿಗೆ ತಂತಿ ಕಳಿಸಿ, ಕಪ್ಪು ಜನರ ವಸತಿ, ಶಿಕ್ಷಣಗಳಿಗೆ ಧರ್ಮಗುರುಗಳು ತಮ್ಮ ಒಂದು ತಿಂಗಳ ಸಂಬಳ ಕೊಡಬೇಕೆಂದು ಸೂಚಿಸಿದರು. 1965ರ ಮಾರ್ಚ್ 21ರಂದು ಕಪ್ಪು ಜನರ ಮತದಾನದ ಹಕ್ಕಿಗಾಗಿ ಅಮೆರಿಕದ ಸೆಲ್ಮಾದಿಂದ ಹೊರಟ ಮೆರವಣಿಗೆಯ ಮೊದಲ ಸಾಲಿನಲ್ಲಿ, ಬಿಳಿ ಗಡ್ಡದ ಹೆಶೆಲ್ ಮಾರ್ಟಿನ್ ಲೂಥರ್ ಕಿಂಗ್ ಅವರ ಜೊತೆ ನಡೆದರು. ಆ ಕಪ್ಪು ಪಾದ್ರಿಗೂ ಈ ಪೋಲಿಷ್ ರಬ್ಬಿಗೂ ಸಾಮಾನ್ಯವಾಗಿದ್ದವನು ಆಮೋಸ. ಕಿಂಗ್ ತಮ್ಮ 1963ರ ವಾಷಿಂಗ್ಟನ್ ಭಾಷಣದಲ್ಲಿ ನ್ಯಾಯದ ಬಗ್ಗೆ ಆಮೋಸನ ಮಾತನ್ನೇ ಬಳಸಿದ್ದರು.

ಹೆಶೆಲ್ ಅವರ ಇನ್ನೊಂದು ಕೆಲಸ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಕ್ಯಾಥೋಲಿಕ್ ಚರ್ಚಿನ ಎರಡನೆಯ ವ್ಯಾಟಿಕನ್ ಮಹಾಸಭೆ ಯಹೂದಿಗಳ ಬಗ್ಗೆ ಹೊರಡಿಸಲಿದ್ದ ಹೇಳಿಕೆಯ ಒಂದು ಕರಡಿನಲ್ಲಿ, ಅವರು ಮುಂದೊಮ್ಮೆ ಚರ್ಚಿಗೆ ಸೇರುವರೆಂಬ ನಿರೀಕ್ಷೆ ಇತ್ತು. 1964ರ ಸೆಪ್ಟೆಂಬರಿನಲ್ಲಿ ಹೆಶೆಲ್ ಪೋಪ್ ಆರನೆಯ ಪಾಲ್ ಅವರನ್ನು ಭೇಟಿಯಾಗಿ ವಿರೋಧಿಸಿದರು. 1965ರ ಅಕ್ಟೋಬರ್ 28ರಂದು ಹೊರಬಿದ್ದ ಘೋಷಣೆಯಲ್ಲಿ ಮತಾಂತರದ ಆ ಮಾತು ಇರಲಿಲ್ಲ. ತಾವು ಅನ್ಯರಿಂದ ಕೇಳದ್ದನ್ನು ಅನ್ಯರೂ ತಮ್ಮಿಂದ ಕೇಳಬಾರದು ಎಂದದ್ದು ಒಂದು ದೊಡ್ಡ ಚರ್ಚಿಗೆ ಕಲಿಸಿದ ಪಾಠವೇ ಸರಿ.

ಆರಿಸಲ್ಪಟ್ಟ ಜನ ಎಂಬ ಭಾವನೆ ಹೆಮ್ಮೆಗೆ ತಿರುಗುವ ಅಪಾಯವನ್ನು ಯಹೂದಿ ಚಿಂತಕರೇ ಗುರುತಿಸಿದ್ದಾರೆ. ಅಮೆರಿಕದ ರಬ್ಬಿ ಮಾರ್ಡಕಾಯ್ ಕಪ್ಲಾನ್ 1945ರ ತಮ್ಮ ಪ್ರಾರ್ಥನಾ ಪುಸ್ತಕದಿಂದ ಆ ಭಾವನೆಯನ್ನೇ ತೆಗೆದುಹಾಕಿದರು. ಯೆರೂಸಲೇಮಿನ ಯೆಶಾಯಾಹು ಲೈಬೊವಿಟ್ಜ್, ಸಂಪ್ರದಾಯಸ್ಥ ಯಹೂದಿಯಾಗಿದ್ದೂ, ಜನಾಂಗಕ್ಕೆ ಹುಟ್ಟಿನಿಂದ ಪಾವಿತ್ರ್ಯ ಬರುವುದಿಲ್ಲ ಎಂದು ವಾದಿಸಿದರು. 1967ರ ಯುದ್ಧದ ಬಳಿಕ ಪ್ಯಾಲೆಸ್ಟೀನಿಯರನ್ನು ಸೈನ್ಯದ ಬಲದಿಂದ ಆಳುವುದು ಆಳುವವರನ್ನೇ ಕೆಡಿಸುತ್ತದೆ ಎಂದು ಕೊನೆಯವರೆಗೂ ಎಚ್ಚರಿಸಿದರು. ಯಹೂದಿ ಪರಂಪರೆಗೆ ಇತರರಿಗೆ ದಾರಿ ಹೇಳುವ ಅರ್ಹತೆ ಬಂದದ್ದು ತನ್ನ ಅರಸರನ್ನೂ ಅರ್ಚಕರನ್ನೂ ಮೊದಲು ಪ್ರಶ್ನಿಸಿದ್ದರಿಂದ. ಬೇತೇಲಿನಲ್ಲಿ ಆಮೋಸನ ಬಾಯಿ ಮುಚ್ಚಿಸಲು ಹೋದವರಿಂದ ಆ ಅರ್ಹತೆ ಬರಲಿಲ್ಲ. ಇಂದಿನ ಇಸ್ರೇಲ್ ರಾಷ್ಟ್ರವನ್ನೂ ಅದೇ ಅಳತೆಗೋಲಿನಿಂದ ನೋಡುವುದು ಆ ಪರಂಪರೆಗೆ ತೋರುವ ಗೌರವವೇ ಹೊರತು ದ್ವೇಷವಲ್ಲ.

ಕೊನೆಯದಾಗಿ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಆಮೋಸನ ಪುಸ್ತಕ ಒಂಬತ್ತು ಅಧ್ಯಾಯ, ಯೋನನದು ನಾಲ್ಕೇ ಅಧ್ಯಾಯ. ಎರಡೂ ಕನ್ನಡ ಬೈಬಲಿನಲ್ಲಿವೆ. ಒಂದು ಸಂಜೆ ಕೂತರೆ ಓದಿ ಮುಗಿಸಬಹುದು, ದಯವಿಟ್ಟು ಓದಿ. ನಿಮ್ಮಲ್ಲಿ ಭಾಷೆಗಳ ಒಲವಿರುವವರು ಹೀಬ್ರೂ, ಅರಾಮಿಕ್ ಕಲಿತು, ದಾಮನ ಕತೆಯಂಥ ತಾಲ್ಮುದಿನ ಪ್ರಸಂಗಗಳನ್ನು ಮೂಲದಿಂದಲೇ ಕನ್ನಡಕ್ಕೆ ತರಬೇಕು. ಆ ಕೆಲಸಕ್ಕೆ ಕೈಹಾಕುವವರಿಗೆ ಈ ಸಂಸ್ಥೆಯೂ ಈ ದತ್ತಿಯೂ ಬೆಂಬಲ ಕೊಡಲಿ ಎಂದು ಕೋರುತ್ತೇನೆ.